ಸಹಾಯ ಬೇಕು: ದೊಡ್ಡ ಮೋಟಾರ್ ಯಾಟ್, ಹಿಂದಿನ ಕಾಕ್‌ಪಿಟ್‌ಗೆ ನೆರಳು

ಎಲ್ಲರಿಗೂ ನಮಸ್ಕಾರ, ತುಮಕೂರಿನಿಂದ. ನಮ್ಮ ಭಾವ ಕೊಚ್ಚಿಯಲ್ಲಿ 60 ಅಡಿಯ ಹಳೆಯ ಮೋಟಾರ್ ಯಾಟ್ (ಎಂಜಿನ್ ಇರುವ ವಿಹಾರ ನೌಕೆ) ಕೊಳ್ಳಲು ಹೊರಟಿದ್ದಾರೆ. ಎರಡು ನೋಡಿದ್ದಾರೆ. ಒಂದಕ್ಕೆ ಫ್ಲೈಬ್ರಿಜ್ (ಚಾವಣಿಯ ಮೇಲಿನ ತೆರೆದ ಡೆಕ್) ಇದೆ, ಅದರ ಚಾಚು ಹಿಂದಿನ ಕಾಕ್‌ಪಿಟ್‌ನ, ಅಂದರೆ ಹಿಂಭಾಗದಲ್ಲಿ ಕೂರುವ ತೆರೆದ ಜಾಗದ, ಅರ್ಧದವರೆಗೆ ಬರುತ್ತದೆ, ಇನ್ನೊಂದು ಪೂರ್ತಿ ಬಯಲು ಆದರೆ ಎಂಜಿನ್ ಓಡಿದ್ದು ಕಡಿಮೆ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಉಳಿದ ಅರ್ಧಕ್ಕೆ ಬಟ್ಟೆ ಕಟ್ಟಬಹುದು ಅಲ್ವಾ? ಅಕ್ಕನಿಗೆ ಬಿಸಿಲು ಆಗುವುದಿಲ್ಲ, ಸ್ವಲ್ಪ ಹೊತ್ತಿಗೇ ತಲೆನೋವು. ಇಲ್ಲಿ ಶಾಮಿಯಾನ ಹೊಲಿಯುವವರಿದ್ದಾರೆ, ಆದರೆ ಆ ಬಟ್ಟೆ, ಆ ದಾರ ಕಡಲ ಬಿಸಿಲಿಗೆ ಜಾಸ್ತಿ ದಿನ ಬಾಳುವುದಿಲ್ಲ. ಅಕ್ರಿಲಿಕ್ ಕ್ಯಾನ್ವಾಸ್, 316 ಸ್ಟೀಲ್ (ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್) ಕಂಬ ಹಾಕಿಸೋಣ ಅಂತಿದ್ದೇವೆ. ಕಂಬಕ್ಕೆ ಡೆಕ್ ಕೊರೆದರೆ ಒಳಗೆ ನೀರು ಇಳಿಯದಂತೆ ಹೇಗೆ ಮುಚ್ಚುತ್ತಾರೆ? ಗಾಳಿ ಜೋರಾದಾಗ ಬೇಗ ಬಿಚ್ಚಲು ಬರಬೇಕು. ಕೊಚ್ಚಿ, ಮಂಗಳೂರು ಕಡೆ ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ, ಫೋಟೊ ಇದ್ದರೆ ಹಾಕಿ.