ಪದಚರ್ಚೆ: ಶೆಲ್ಲಿನ ‘ಪ್ರಾಂಪ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳಿಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬ್ಯಾಶ್ ಶೆಲ್ಲಿನ ಪ್ರಾಂಪ್ಟನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳುವುದು ಹೇಗೆ ಅನ್ನುವ ಭಾಗಕ್ಕೆ ಬಂದಾಗ ಪದಗಳು ಕೈಕೊಟ್ಟವು. ‘ಪ್ರಾಂಪ್ಟ್’ ಅಂತಲೇ ಬಿಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ, ಗೊತ್ತು. ಆದರೆ ಆ ಪದದ ಮೇಲೆ ಈಗ ಇನ್ನೊಂದು ಅರ್ಥ ಬಂದು ಕೂತಿದೆ. ತೊಡಕು ಅಲ್ಲೇ.

ಇಲ್ಲಿ ಕಂಪ್ಯೂಟರಿನವರಲ್ಲದವರೇ ಜಾಸ್ತಿ, ಹಾಗಾಗಿ ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಶೆಲ್ ಅಂದರೆ ನಾವು ಬರೆದ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ, ಬ್ಯಾಶ್ ಅಂಥದ್ದೊಂದು. ಅದಕ್ಕೆ ಆಜ್ಞೆ ಬರೆಯುವ ಕಿಟಕಿಯೇ ಟರ್ಮಿನಲ್. ಟರ್ಮಿನಲ್ ತೆರೆದ ಕೂಡಲೇ ಸಾಲಿನ ಮೊದಲಿಗೆ ಏನೋ ಒಂದು ಬರಹ ಬರುತ್ತದೆ, ಪಕ್ಕದಲ್ಲಿ ಕರ್ಸರ್ ಮಿಣುಕುತ್ತದೆ, ಅಲ್ವಾ? ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಾದರೆ ಬಳಸುವವರ ಹೆಸರು, @, ಯಂತ್ರದ ಹೆಸರು, ನಾವಿರುವ ಫೋಲ್ಡರಿನ ದಾರಿ, ಕೊನೆಗೆ ಒಂದು $. ಅದೇ ಪ್ರಾಂಪ್ಟ್. ಅದು ಹೇಗೆ ಕಾಣಬೇಕು ಅನ್ನುವುದು ಪಿಎಸ್1 ಎಂಬ ವೇರಿಯಬಲ್ಲಿನಲ್ಲಿ (ಬೇಕಾದ್ದನ್ನು ತುಂಬಿಡುವ ಹೆಸರಿಟ್ಟ ಡಬ್ಬಿ ಅನ್ನಿ) ಇರುತ್ತದೆ. ಬ್ಯಾಶಿಗೂ ಮೊದಲಿನ, 1979ರ ಬೋರ್ನ್ ಶೆಲ್ಲಿನಿಂದ ನಡೆದುಬಂದ ಹೆಸರು. ಆಜ್ಞೆ ಅರ್ಧಕ್ಕೇ ಇರುವಾಗ ಎಂಟರ್ ಒತ್ತಿದರೆ > ಗುರುತು ಬರುತ್ತದಲ್ಲ, ಅದು ಪಿಎಸ್2. ಪಿಎಸ್1ರೊಳಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಸಣ್ಣ ‘ಯು’ ಬರೆದರೆ ನಮ್ಮ ಹೆಸರು, ‘ಎಚ್’ ಬರೆದರೆ ಯಂತ್ರದ ಹೆಸರು. ಸಣ್ಣ ‘ಡಬ್ಲ್ಯೂ’ ಪೂರ್ತಿ ದಾರಿ ತೋರಿಸುತ್ತದೆ, ದೊಡ್ಡದು ಕೊನೆಯ ಫೋಲ್ಡರ್ ಮಾತ್ರ. ಇಷ್ಟು ಸಾಕು.

ಈಗ ಪದಗಳು. ‘ಸೂಚಕ’ ಅನ್ನೋಣವೆಂದರೆ ಬ್ಯಾಟರಿ ಸೂಚಕವೂ ಸೂಚಕವೇ, ಕರ್ಸರನ್ನೂ ಕೆಲವರು ಸೂಚಕ ಅನ್ನುತ್ತಾರೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತ ಎರಡು ವಸ್ತುಗಳಿಗೆ ಒಂದೇ ಹೆಸರು ಇಟ್ಟರೆ ಪಾಠ ಮಾಡಿದ ಹಾಗೇ! ‘ಪ್ರೇರಕ’ ಅಂದರೆ ನನಗೆ ವ್ಯಾಕರಣದ ‘ಮಾಡಿಸು, ಓಡಿಸು’ಗಳು ನೆನಪಾಗುತ್ತವೆ, ಇಲ್ಲವೇ ಶಾಲೆಯ ವಾರ್ಷಿಕೋತ್ಸವದ ಭಾಷಣ. ಬೇಡ.

ನಾಟಕದ ಕಡೆಯಿಂದ ನೋಡಿದರೆ, ಸೈಡ್ ವಿಂಗಿನಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವವರು ಪ್ರಾಂಪ್ಟರ್. ‘ಎತ್ತಿಕೊಡು’ ಎಷ್ಟು ಚೆಂದದ ಕನ್ನಡ! ಆದರೆ ಶೆಲ್ ನಮಗೆ ಯಾವ ಮಾತನ್ನೂ ಎತ್ತಿಕೊಡುವುದಿಲ್ಲ. ನಾನು ತಯಾರಿದ್ದೇನೆ, ಏನು ಬೇಕು ಹೇಳಿ ಅಂತ ಸುಮ್ನೆ ಕಾಯುತ್ತದೆ. ವಿಚಿತ್ರ ಅಂದರೆ, ಚಾಟ್‌ಬಾಟಿಗೆ ನಾವು ಬರೆದುಕೊಡುವ ‘ಪ್ರಾಂಪ್ಟ್’ಗೆ ಇದು ಸರಿಯಾಗಿ ಹೊಂದುತ್ತದೆ. ಅಲ್ಲಿ ನಾವು ಮಾತು ಎತ್ತಿಕೊಡುತ್ತೇವೆ, ಯಂತ್ರ ಮುಂದುವರಿಸುತ್ತದೆ. ಶೆಲ್ಲಿನಲ್ಲಿ ಪ್ರಾಂಪ್ಟ್ ಯಂತ್ರದ್ದು, ಚಾಟ್‌ಬಾಟಿನಲ್ಲಿ ನಮ್ಮದು. ದಿಕ್ಕೇ ತಿರುವುಮುರುವು. ಇವತ್ತಿನ ಹುಡುಗರಿಗೆ ‘ಪ್ರಾಂಪ್ಟ್ ಬದಲಿಸಿ’ ಅಂದರೆ ಮೊದಲು ಹೊಳೆಯುವುದು ಎರಡನೆಯದು.

ಹಾಗಾಗಿ ನನ್ನ ಕಣ್ಣು ‘ಅಪ್ಪಣೆ’ಯ ಮೇಲೆ ಬಿದ್ದಿದೆ. ಹಳೆಯ ನಾಟಕಗಳ ಚಾರಕ ಬಂದು ಕೈಮುಗಿದು ‘ಏನಪ್ಪಣೆ?’ ಅನ್ನುತ್ತಾನಲ್ಲ, ಶೆಲ್ ಮಾಡುವುದೂ ಅದನ್ನೇ. ಅದಕ್ಕೆ ‘ಅಪ್ಪಣೆಗುರುತು’ ಅಂದರೆ ಹೇಗೆ? ಅಪ್ಪಣೆಗೆ ಅನುಮತಿ ಅನ್ನುವ ಅರ್ಥವೂ ಇದೆ, ‘ಅಪ್ಪಣೆ ಕೊಡಿ, ಹೊರಡ್ತೀನಿ’ ಅನ್ನುವ ಹಾಗೆ. ಆದರೆ ಫೈಲುಗಳ ಪರ್ಮಿಷನ್ನಿಗೆ ‘ಅನುಮತಿ’ಯನ್ನೇ ಬಳಸಿದ್ದೇನೆ, ಗೊಂದಲ ಆಗಲಾರದು. (ರೂಟ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವವರಾಗಿ ಒಳಬಂದರೆ $ ಹೋಗಿ # ಬರುತ್ತದೆ. ಅದನ್ನು ‘ಏನಪ್ಪಣೆ ಮಹಾಪ್ರಭು’ ಅಂತ ಓದಿಕೊಳ್ಳಬಹುದು.)

ಪಿಎಸ್1ರಲ್ಲಿ ‘ಏನಪ್ಪಣೆ’ ಅಂತಲೇ ಬರೆದು ನೋಡಿದೆ. ಬಂತು, ಆದರೆ ಕರ್ಸರ್ ಒಂದು ಚೌಕ ಆಚೆ ಹೋಗಿ ನಿಂತಿತು. ಟರ್ಮಿನಲ್ ಎಲ್ಲವನ್ನೂ ಚೌಕಗಳಲ್ಲಿ ಅಳೆಯುತ್ತದೆ. ನಮ್ಮ ಕಣ್ಣಿಗೆ ‘ಪ್ಪ’ ಒಂದೇ ಅಕ್ಷರ. ಅದರ ಲೆಕ್ಕದಲ್ಲಿ ಎರಡು ‘ಪ’, ನಡುವೆ ಜಾಗವನ್ನೇ ತಗೊಳ್ಳದ ಒಂದು ಹಲಂತ. ನಮಗೆ ನಾಲ್ಕು ಅಕ್ಷರ, ಅದಕ್ಕೆ ಐದು ಚೌಕ.

ಬಣ್ಣ ಹಾಕುವಾಗಲೂ ತೊಂದರೆ ಕೊಡುವುದು ಈ ಅಳತೆಯೇ. ಹಸಿರಿಗೆ 32, ಕೆಂಪಿಗೆ 31 ಅಂತ ಸಂಕೇತಗಳಿವೆ. ಅವು ಪರದೆಯ ಮೇಲೆ ಕಾಣುವುದಿಲ್ಲ, ಆದರೂ ಬ್ಯಾಶ್ ಅವನ್ನು ಅಕ್ಷರ ಅಂತಲೇ ಎಣಿಸುತ್ತದೆ. ಉದ್ದನೆಯ ಆಜ್ಞೆ ಬರೆದಾಗ ಸಾಲು ಮುರಿಯಬೇಕಾದ ಕಡೆ ಮುರಿಯದೆ, ಮೊದಲು ಬರೆದದ್ದರ ಮೇಲೇ ಬಂದು ಬೀಳುತ್ತದೆ. ಅದಕ್ಕೆ ಅವುಗಳ ಹಿಂದೆಮುಂದೆ ಬ್ಯಾಕ್‌ಸ್ಲ್ಯಾಶ್ ಜೊತೆಗಿನ ಚೌಕ ಕಂಸ ಹಾಕಿ, ಇದನ್ನು ಎಣಿಸಬೇಡ ಅಂತ ಬ್ಯಾಶಿಗೆ ಹೇಳಬೇಕು. ಈ ‘ನಾನ್‌ಪ್ರಿಂಟಿಂಗ್’ ಅಕ್ಷರಗಳಿಗೆ ‘ಮುದ್ರಣರಹಿತ’ ಅಂತ ಬರೆದಿದ್ದೆ, ಹೊಡೆದುಹಾಕಿದೆ. ‘ಕಾಣದ ಅಕ್ಷರ’ ಸಾಕು ಅನಿಸುತ್ತದೆ. ಇಂಥ ಸಂಕೇತಗಳಿಗಿರುವ ‘ಎಸ್ಕೇಪ್ ಸೀಕ್ವೆನ್ಸ್’ ಅನ್ನುವ ಹೆಸರಿಗೆ ಮಾತ್ರ ಏನೂ ಹೊಳೆಯುತ್ತಿಲ್ಲ. ‘ಪಲಾಯನ ಸರಣಿ’ ಅಂದರೆ ಯಾರೋ ಜೈಲಿನಿಂದ ಓಡಿಹೋದ ಹಾಗಿರುತ್ತದೆ, ದಯವಿಟ್ಟು ಅದನ್ನು ಸೂಚಿಸಬೇಡಿ.

ಕಂಪ್ಯೂಟರ್ ಪಾಠ ಮಾಡುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಬಾಯಿಮಾತಿಗೆ ಏನನ್ನುತ್ತೀರಿ ತಿಳಿಸಿ. ‘ಅಪ್ಪಣೆಗುರುತು’ ಅಂದರೆ ಮಕ್ಕಳು ನಗುತ್ತಾರೋ, ನೆನಪಿಟ್ಟುಕೊಳ್ಳುತ್ತಾರೋ? ಇನ್ನೊಂದು, ಉತ್ತರ ಕರ್ನಾಟಕದ ಕಂಪನಿ ನಾಟಕಗಳನ್ನು ಹತ್ತಿರದಿಂದ ಕಂಡವರು ಹೇಳಬೇಕು: ಮಾತು ಎತ್ತಿಕೊಡುವವರನ್ನು ಅಲ್ಲಿ ಪ್ರಾಂಪ್ಟರ್ ಅಂತಲೇ ಕರೆಯುತ್ತಿದ್ದರೋ, ಬೇರೆ ಹೆಸರಿತ್ತೋ? ಇದ್ದರೆ ಚಾಟ್‌ಬಾಟಿನ ಪ್ರಾಂಪ್ಟಿಗೆ ಅದನ್ನೇ ತರಬಹುದು.