ಓದುಗರ ಸ್ಪಂದನ: ಎಂ.ಎಸ್ಸಿ. ಸೀಟೋ, ಕೈಗೆ ಬಂದ ಕೆಲಸವೋ?

ಕೊರಟಗೆರೆಯ ಓದುಗರೊಬ್ಬರ ಇಕ್ಕಟ್ಟನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಬಿ.ಎಸ್ಸಿ. ಮುಗಿದಿದೆ. ತುಮಕೂರು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಸೀಟು ಸಿಗುವ ಹಾಗಿದೆ. ಅಷ್ಟರಲ್ಲಿ ದಾಬಸ್‌ಪೇಟೆಯ ಔಷಧ ಕಾರ್ಖಾನೆಯೊಂದು ಕೆಲಸಕ್ಕೆ ಕರೆದಿದೆ. ಉಪನ್ಯಾಸಕಿಯಾಗುವ ಆಸೆ ಅವರದು, ಮನೆಯಲ್ಲಿ ಸಾಲವಿದೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತುಮಕೂರಿಗೆ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ನಾನು ಬಿ.ಎಸ್ಸಿ. ಮುಗಿಸಿದ್ದು ಅದಕ್ಕೂ ಮೊದಲು. ಹೆಣ್ಣುಮಗಳನ್ನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೆ ಕಳುಹಿಸುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಲ್ಯಾಬ್ ಸೇರಿದೆ. ಮಾದರಿ ತೂಗುವುದು, ಹನಿಹನಿಯಾಗಿ ದ್ರಾವಣ ಬೆರೆಸಿ ಪ್ರಮಾಣ ಅಳೆಯುವ ಟೈಟ್ರೇಷನ್ ಮಾಡುವುದು, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಡೆಸುವುದು, ದಾಖಲೆ ತುಂಬುವುದು. ಕೆಲಸ ನನಗೆ ಇಷ್ಟವಿತ್ತು, ಈಗಲೂ ಇದೆ. ಹೊಸದಾಗಿ ಬಂದ ಎಂ.ಎಸ್ಸಿ. ಹುಡುಗರಿಗೆ ಆ ಯಂತ್ರಕ್ಕೆ ಕಾಲಮ್ ಎಂಬ ಕೊಳವೆ ಜೋಡಿಸುವುದನ್ನು, ಅದರಲ್ಲಿ ಹರಿಯುವ ಮೊಬೈಲ್ ಫೇಸ್ ಎಂಬ ದ್ರವ ತಯಾರಿಸುವುದನ್ನು ಕಲಿಸಿದವಳು ನಾನು. ಕೆಲವೇ ವರ್ಷಗಳಲ್ಲಿ ಅವರು ಸಂಶೋಧನಾ ವಿಭಾಗಕ್ಕೆ ಹೋದರು. ಅವರು ರೂಪಿಸಿದ ಪರೀಕ್ಷಾ ವಿಧಾನವನ್ನು ಅಕ್ಷರ ತಪ್ಪದೆ ಪಾಲಿಸುವುದು ನನ್ನ ಪಾಲಿಗೆ ಬಂತು. ಒಮ್ಮೆ ಒಂದು ವಿಧಾನದಲ್ಲಿ ತೊಡಕಿದೆ ಎಂದು ಹೇಳಿದಾಗ, ‘ಅದು ನಿಮ್ಮ ವ್ಯಾಪ್ತಿಯಲ್ಲ’ ಎಂದರು. ಆ ಮಾತು ಇಂದಿಗೂ ಉರಿಯುತ್ತದೆ.

‘ಮೊದಲು ಸಂಬಳ, ಓದು ಆಮೇಲೆ’ ಎಂದು ನೆಂಟರೆಲ್ಲ ಹೇಳಿದ್ದರು. ಆಮೇಲೆ ಮದುವೆಯಾಯಿತು, ಮಗುವಾಯಿತು. ದೂರಶಿಕ್ಷಣಕ್ಕೆ ಸೇರೋಣವೆಂದರೆ ಪ್ರಾಯೋಗಿಕ ತರಗತಿಗೆ ರಜೆ ಸಿಗಲಿಲ್ಲ. ನಿನಗೆ ವಿಶ್ವವಿದ್ಯಾಲಯ ಬಸ್ಸಿನ ದಾರಿಯಲ್ಲೇ ಇದೆ. ಹೋಗು. ಯಾವ ವಿಷಯದಲ್ಲಿ ಪರಿಣತಿ ಬೇಕು ಎಂಬುದನ್ನು ಮಾತ್ರ ಬೇಗ ನಿರ್ಧರಿಸು. ಸಾವಯವ ರಸಾಯನಶಾಸ್ತ್ರ ಓದಿದವರನ್ನು ಹೊಸ ಅಣು ಕಟ್ಟುವ ಲ್ಯಾಬುಗಳು ಕರೆಯುತ್ತವೆ, ವಿಶ್ಲೇಷಣೆ ಓದಿದವರನ್ನು ಪರೀಕ್ಷಾ ವಿಧಾನ ರೂಪಿಸುವ ಲ್ಯಾಬುಗಳು. ಮುಂದಿನ ಇಪ್ಪತ್ತು ವರ್ಷ ಯಾವ ಮೇಜಿನ ಮುಂದೆ ನಿಲ್ಲುತ್ತೀಯ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.
– ಹೆಸರು ಬೇಡ, ಮಧುಗಿರಿ

ಬೇರೆ ದನಿಯೂ ಇದೆ:

ಸಾಲವಿದೆ ಎಂದು ನೀವೇ ಬರೆದಿದ್ದೀರಿ. ತಮ್ಮ ಪಿಯುಸಿ ಓದುತ್ತಿದ್ದಾನೆ ಎಂದೂ ಬರೆದಿದ್ದೀರಿ. ಇನ್ನು ಕೇಳುವುದೇನಿದೆ? ಕೆಲಸಕ್ಕೆ ಹೋಗಿ.
– ಓದುಗ, ಶಿರಾ

ಶಿರಾದವರ ಕಾಳಜಿ ಅರ್ಥವಾಗುತ್ತದೆ. ತಮ್ಮನ ಓದಿಗೆ ಅಡ್ಡಿಯಿದೆ ಎಂದು ಆ ಪತ್ರದಲ್ಲಿ ಇರಲಿಲ್ಲ ಎಂಬುದನ್ನಷ್ಟೇ ನೆನಪಿಸುತ್ತೇವೆ.
– ಸಂ.

ಉಪನ್ಯಾಸಕಿಯಾಗಲು ಎಂ.ಎಸ್ಸಿ. ಒಂದೇ ಸಾಲದು. ಪದವಿ ಕಾಲೇಜಿಗೆ ಶೇ. 55 ಅಂಕದ ಜೊತೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯಮಟ್ಟದ್ದು), ಇಲ್ಲವೇ ಪಿಎಚ್.ಡಿ. ಬೇಕು. ಪಿಯು ಕಾಲೇಜಿಗೆ ಬಿ.ಎಡ್. ಬೇಕು, ಅದೂ ಈಗ 2 ವರ್ಷ. ಇವಿಲ್ಲದೆ ಹೊರಬಂದ ನನ್ನ ಸಹಪಾಠಿಗಳು ಅತಿಥಿ ಉಪನ್ಯಾಸಕರಾಗಿ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುತ್ತಾ ಕಾಯುತ್ತಿದ್ದಾರೆ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವಾಗಲೇ ನೆಟ್ ಬರೆಯಬಹುದು. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ದಕ್ಕಿ ಪಿಎಚ್.ಡಿ.ಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನವಿದೆ. 2023ರ ಪರಿಷ್ಕರಣೆಯಲ್ಲಿ ನಿಗದಿಯಾದ ಮೊತ್ತ ಅದು. ಸಾಲವಿರುವ ಮನೆಯಲ್ಲಿ ಈ ಲೆಕ್ಕವನ್ನೂ ಹೇಳಿ.
– ಉಪನ್ಯಾಸಕ, ಚಿಂತಾಮಣಿ

ಹೆಣ್ಣುಮಗು ದಿನಾ ಬಸ್ಸಿನಲ್ಲಿ ಓಡಾಡಿ ಓದುವುದು ಕಷ್ಟ. ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಲಿ. ನನ್ನ ಮಗಳು ಎಂ.ಎ. ಓದುವಾಗ ಹಾಸ್ಟೆಲಿನಲ್ಲಿದ್ದಳು. ಊಟದ ಬಗ್ಗೆ ದೂರಿದಳೇ ಹೊರತು ಓದು ಚೆನ್ನಾಗಿ ಆಯಿತು.
– ರೈತ, ಗುಡಿಬಂಡೆ

ವಸತಿಯ ಬಗ್ಗೆ ಕೊರಟಗೆರೆಯ ಓದುಗರು ಕೇಳಿರಲಿಲ್ಲ, ಆದರೂ ಇದು ಉಪಯೋಗದ ಮಾತು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಾರ್ಖಾನೆಗೆ ಉತ್ತರ ಕೊಡುವ ದಿನ ಹತ್ತಿರವಿದೆ ಎಂದು ಕೊರಟಗೆರೆಯವರು ಬರೆದಿದ್ದರಿಂದ ಈ ಪತ್ರಗಳನ್ನು ಮುಂಚೆಯೇ ಅವರಿಗೆ ಕಳುಹಿಸಿದ್ದೇವೆ. ಮಧುಗಿರಿಯವರ ಪತ್ರದ ಇನ್ನೊಂದು ಪ್ರತಿಯನ್ನು ಕೊರಟಗೆರೆಯವರ ತಂದೆಯವರ ಹೆಸರಿಗೂ ಕಳುಹಿಸಿದ್ದೇವೆ.
– ಸಂ.