ಔಟ್‌ಲುಕ್‌ನ ಹಳೆಯ ಒಎಸ್‌ಟಿ ಫೈಲ್ ಹೊಸ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ

ಪ್ರಶ್ನೆ (ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವರು):
ನಮಸ್ಕಾರ ಸರ್. ಮೇಲ್ ಇಟ್ಟಿದ್ದ ಹೋಸ್ಟಿಂಗ್ ಸೇವೆಯ ನವೀಕರಣ ತಪ್ಪಿಹೋಗಿ ನಮ್ಮ ಗಿರಣಿಯ ಮೇಲ್‌ಗಳೆಲ್ಲ ಸರ್ವರ್‌ನಿಂದ ಅಳಿದುಹೋದವು. ಬೇರೆ ಕಡೆ ಅದೇ ವಿಳಾಸವನ್ನು ಮತ್ತೆ ಮಾಡಿಸಿದ್ದೇವೆ, ಅದು ಖಾಲಿ ಇದೆ. ಐದು ವರ್ಷದ ಶೇಂಗಾ ಖರೀದಿ, ಹಿಂಡಿ ಮಾರಾಟದ ಬಿಲ್ಲುಗಳು ಆ ಮೇಲ್‌ಗಳಲ್ಲಿಯೇ ಇದ್ದವು. ಹಳೆಯ ಕಂಪ್ಯೂಟರಿನ ಮೇಲ್ ತಂತ್ರಾಂಶ ಔಟ್‌ಲುಕ್ 2016ರಲ್ಲಿದ್ದ 7 ಜಿಬಿಯ ಒಎಸ್‌ಟಿ ಫೈಲನ್ನು ರಿಪೇರಿಯವರು ಹೊಸ ಯಂತ್ರಕ್ಕೆ ನಕಲು ಮಾಡಿಕೊಟ್ಟರು. ಏನು ಮಾಡಿದರೂ ತೆರೆಯುತ್ತಿಲ್ಲ. ಖಾತೆ ಐಮ್ಯಾಪ್, ಅಂದರೆ ಸರ್ವರ್‌ನಲ್ಲಿರುವುದಕ್ಕೆ ಹೊಂದಿಸಿಕೊಳ್ಳುವ ಬಗೆಯದು. ದಾರಿ ಇದೆಯೇ?

ಪ್ರತಿಕ್ರಿಯೆ (ಇನ್ನೊಬ್ಬ ಸದಸ್ಯರು):
ಮೇಡಂ, ಆ ಫೈಲನ್ನು ಅಳಿಸಿ ಔಟ್‌ಲುಕ್ ತೆರೆಯಿರಿ. ತಾನಾಗಿಯೇ ಹೊಸದು ಹುಟ್ಟುತ್ತದೆ. ನನಗೆ ಹಾಗೆಯೇ ಸರಿಹೋಯಿತು.

ಉತ್ತರ (ದಾವಣಗೆರೆ ಮಂಡಿಪೇಟೆಯ ಕಂಪ್ಯೂಟರ್ ರಿಪೇರಿಯವರು):
ಮೇಡಂ, ದಯವಿಟ್ಟು ಏನನ್ನೂ ಅಳಿಸಬೇಡಿ. ಮೇಲಿನ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅದು ಸರ್ವರ್‌ನಲ್ಲಿ ಮೇಲ್ ಇದ್ದವರಿಗೆ ಹೇಳುವ ಮಾತು. ಒಎಸ್‌ಟಿ ಎಂದರೆ ಸರ್ವರ್‌ನಲ್ಲಿರುವ ಖಾತೆ ಪುಸ್ತಕದ ನಕಲು. ಮೂಲ ಇದ್ದರೆ ನಕಲನ್ನು ಹರಿದು ಹಾಕಿದರೂ ಮತ್ತೆ ಬರೆದುಕೊಳ್ಳಬಹುದು. ನಿಮ್ಮಲ್ಲಿ ಮೂಲವೇ ಸುಟ್ಟುಹೋಗಿದೆ. ಆ 7 ಜಿಬಿಯೇ ಈಗ ನಿಮ್ಮ ಆಸ್ತಿ.

ತೆರೆಯದಿರುವುದು ಫೈಲ್ ಕೆಟ್ಟಿರುವುದರಿಂದಲ್ಲ. ಒಎಸ್‌ಟಿಯನ್ನು ಸೃಷ್ಟಿಸಿದ ಔಟ್‌ಲುಕ್ ಪ್ರೊಫೈಲ್‌ಗೆ (ಆ ಯಂತ್ರದಲ್ಲಿ ಜೋಡಿಸಿದ ಖಾತೆಯ ವ್ಯವಸ್ಥೆಗೆ) ಮಾತ್ರ ಅದರ ಬೀಗ ತೆಗೆಯಲು ಬರುತ್ತದೆ. ಇನ್ನೊಂದು ಯಂತ್ರಕ್ಕೆ ಹೊತ್ತು ತಂದರೆ ಅದು ಬಾಯಿ ಬಿಡುವುದಿಲ್ಲ. ಊರಿಂದೂರಿಗೆ ಒಯ್ಯಬಹುದಾದದ್ದು ಪಿಎಸ್‌ಟಿ, ಔಟ್‌ಲುಕ್‌ನದೇ ಇನ್ನೊಂದು ಬಗೆಯ ಫೈಲ್. ಆದ್ದರಿಂದ ನನ್ನ ಮೊದಲ ಪ್ರಶ್ನೆ: ಹಳೆಯ ಕಂಪ್ಯೂಟರ್ ಎಲ್ಲಿದೆ? ಓಡುತ್ತದೆಯೇ? ಅದರ ಔಟ್‌ಲುಕ್‌ನಲ್ಲಿ ಖಾತೆಯನ್ನು ತೆಗೆದುಹಾಕಿದ್ದೀರಾ?

ಪ್ರಶ್ನೆ ಕೇಳಿದವರು:
ಗೋದಾಮಿನಲ್ಲಿ ಖಾಲಿ ಗೋಣಿಚೀಲಗಳ ಕೆಳಗಿದೆ ಸರ್. ಬಹಳ ನಿಧಾನ, ಆದರೆ ಓಡುತ್ತದೆ. ಖಾತೆ ತೆಗೆದಿಲ್ಲ. ನಾಳೆ ಗುಜರಿಯವನಿಗೆ ಕೊಡುವುದು ಎಂದಾಗಿತ್ತು.

ಉತ್ತರ:
ಗುಜರಿಯವನನ್ನು ವಾಪಸ್ ಕಳುಹಿಸಿ. ಕೆಲಸ ಮುಕ್ಕಾಲು ಪಾಲು ಆದಂತೆಯೇ.

ಆದರೆ ಒಂದು ಅಪಾಯವಿದೆ, ಅದನ್ನು ಎರಡು ಸಲ ಓದಿ. ಆ ಯಂತ್ರವನ್ನು ಶುರು ಮಾಡುವ ಮುನ್ನವೇ ನೆಟ್ ಕೇಬಲ್ ಕಿತ್ತಿಡಿ, ವೈಫೈ ಇದ್ದರೆ ರೂಟರ್ ಆರಿಸಿ. ನೆಟ್ ಇದ್ದು ಔಟ್‌ಲುಕ್ ತೆರೆದುಕೊಂಡರೆ ಅದು ಹೊಸ ಖಾಲಿ ಪೆಟ್ಟಿಗೆಯನ್ನು ನೋಡುತ್ತದೆ, ಸರ್ವರ್‌ನಲ್ಲಿ ಇಲ್ಲದ್ದು ಇಲ್ಲಿಯೂ ಇರಬಾರದು ಎಂದುಕೊಂಡು ನಿಮ್ಮ ಐದು ವರ್ಷವನ್ನು ಒರೆಸಿಹಾಕಬಹುದು. ಐಮ್ಯಾಪ್‌ನ ಸ್ವಭಾವವೇ ಅದು. ನಕಲು ಮಾಡಿ ತಂದ ಫೈಲನ್ನೂ ಮುಟ್ಟದೆ ಹಾಗೆಯೇ ಇಟ್ಟುಕೊಳ್ಳಿ.

ನಂತರ ಔಟ್‌ಲುಕ್ ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಸೆಂಡ್-ರಿಸೀವ್ ಪಟ್ಟಿಯಲ್ಲಿ ವರ್ಕ್ ಆಫ್‌ಲೈನ್ ಒತ್ತಿಡಿ. ಹಳೆಯ ಮೇಲ್‌ಗಳು ಕಂಡರೆ ಫೈಲ್, ಓಪನ್ ಅಂಡ್ ಎಕ್ಸ್‌ಪೋರ್ಟ್, ಇಂಪೋರ್ಟ್-ಎಕ್ಸ್‌ಪೋರ್ಟ್, ಎಕ್ಸ್‌ಪೋರ್ಟ್ ಟು ಎ ಫೈಲ್ ಎಂದು ಹೋಗಿ ಔಟ್‌ಲುಕ್ ಡೇಟಾ ಫೈಲ್ ಆರಿಸಿ, ಪಿಎಸ್‌ಟಿ ಎಂದರೆ ಅದೇ. ಇನ್‌ಬಾಕ್ಸ್ ಒಂದನ್ನೇ ಆರಿಸಬೇಡಿ. ಎಲ್ಲಕ್ಕಿಂತ ಮೇಲಿರುವ ಖಾತೆಯ ಹೆಸರನ್ನು ಆರಿಸಿ ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್ ಮೇಲೆ ಗುರುತು ಹಾಕಿ. ಇಲ್ಲದಿದ್ದರೆ ಸೆಂಟ್ ಐಟಮ್ಸ್ ಹಿಂದೆಯೇ ಉಳಿಯುತ್ತದೆ.

ಒಎಸ್‌ಟಿಯನ್ನು ಪಿಎಸ್‌ಟಿ ಮಾಡಿಕೊಡುವ ಪರಿವರ್ತಕ ತಂತ್ರಾಂಶಗಳನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಹಳೆಯ ಯಂತ್ರ ಸತ್ತಿದ್ದರೆ ಮಾತ್ರ ಅವುಗಳ ಮಾತು. ಆಗಲೂ ಮೊದಲು ಉಚಿತ ಆವೃತ್ತಿಯಲ್ಲಿ ನಿಮ್ಮ ಮೇಲ್‌ಗಳು ಕಾಣುತ್ತವೆಯೇ ನೋಡಿ. ಫೈಲನ್ನು ಅಂತರಜಾಲಕ್ಕೆ ಏರಿಸಿ ಪರಿವರ್ತಿಸಿಕೊಡುತ್ತೇವೆ ಎನ್ನುವವರ ಗೋಜಿಗಂತೂ ಹೋಗಬೇಡಿ, ಅದರೊಳಗೆ ನಿಮ್ಮ ಗಿರಾಕಿಗಳ ವ್ಯವಹಾರವೆಲ್ಲ ಇದೆ.

ಮತ್ತೊಬ್ಬ ಸದಸ್ಯರು:
ನನ್ನದು ಪಿಎಸ್‌ಟಿಯೇ ಸರ್, ಆದರೂ ತೆರೆಯುವುದಿಲ್ಲ.

ಉತ್ತರ:
ಟಾಸ್ಕ್ ಮ್ಯಾನೇಜರ್‌ನಲ್ಲಿ ಔಟ್‌ಲುಕ್ ಇನ್ನೂ ಓಡುತ್ತಿದೆಯೇ ನೋಡಿ ನಿಲ್ಲಿಸಿ. ಆಗಲೂ ತೆರೆಯದಿದ್ದರೆ ಫೈಲಿನ ನಕಲಿನ ಮೇಲೆ ಸ್ಕ್ಯಾನ್‌ಪಿಎಸ್‌ಟಿ ಓಡಿಸಿ; ಆಫೀಸ್ ಜೊತೆಗೇ ಬರುವ ರಿಪೇರಿ ಸಾಧನ ಅದು.

ಪ್ರಶ್ನೆ ಕೇಳಿದವರು (ಮರುದಿನ):
ಸರ್, ಎಲ್ಲವೂ ಬಂತು! ಎಕ್ಸ್‌ಪೋರ್ಟ್ ಮುಗಿಯಲು ಮಧ್ಯಾಹ್ನದಿಂದ ಸಂಜೆಯಾಯಿತು. ಜಿಎಸ್‌ಟಿ ದಾಖಲೆಗಳನ್ನು 72 ತಿಂಗಳು ಇಟ್ಟುಕೊಳ್ಳಬೇಕೆಂದು ಲೆಕ್ಕ ಪರಿಶೋಧಕರು ಕಿವಿ ಹಿಂಡುತ್ತಲೇ ಇದ್ದರು, ಯಜಮಾನರಿಗೆ ಈಗ ಉಸಿರು ಬಂದಿದೆ. ಆದರೆ 6 ಜಿಬಿಯ ಪಿಎಸ್‌ಟಿಯನ್ನು 32 ಜಿಬಿ ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ತುಂಬ ದೊಡ್ಡದು ಎನ್ನುತ್ತಿದೆ. ಜಾಗ ಬೇಕಾದಷ್ಟಿದೆ.

ಉತ್ತರ:
ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ, ಆದರೆ ಒಳಗಿರುವುದೆಲ್ಲ ಅಳಿಯುತ್ತದೆ.

ಪ್ರಶ್ನೆ ಕೇಳಿದವರು:
ಒಳಗೆ ಯಜಮಾನರ ಮೊಮ್ಮಗನ ಜವಳದ ಫೋಟೋಗಳಿವೆ ಸರ್.

ಉತ್ತರ:
ಹಾಗಾದರೆ ಹೊಸ ಪೆನ್‌ಡ್ರೈವ್ ಕೊಳ್ಳಿ ಮೇಡಂ.